ಹಮಾಮು: ಭೀಮಾತೀರದ ಬಿಸಿನೀರಿನ ಮನೆಗಳು

(ಶಾಲೆಯ ಶತಮಾನೋತ್ಸವದ ಅಂಗವಾಗಿ ಕುರನೂರಿನಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನಮ್ಮ ಸೀಮೆಯ ಇತಿಹಾಸದಲ್ಲಿ ಯಾವುದಾದರೊಂದು ವಿಷಯವನ್ನು ಕುರಿತು ಮಾತನಾಡಬೇಕೆಂದು ಶತಮಾನೋತ್ಸವ ಸಮಿತಿಯವರು ಅಪ್ಪಣೆ ಮಾಡಿದರು. ಕೋಟೆ, ಕಾಳಗ, ಅರಸುಮನೆತನಗಳ ವೃತ್ತಾಂತಗಳನ್ನು ಇಂಥ ವೇದಿಕೆಗಳು ಸಾಕಷ್ಟು ಕೇಳಿವೆ. ಆದುದರಿಂದ ನಾನು ಇಂದು ಸ್ನಾನದ ಮನೆಯೊಂದರ ಚರಿತ್ರೆಯನ್ನು ಆರಿಸಿಕೊಂಡಿದ್ದೇನೆ. ಅದರ ಹೆಸರು ಹಮಾಮು.

ಹಮಾಮು ಎಂದೊಡನೆ ಇಲ್ಲಿರುವ ಹಿರಿಯರ ನೆನಪಿಗೆ ಬರುವುದು ಸಾಬೂನು. 1930ರ ದಶಕದಲ್ಲಿ ಟಾಟಾ ಕಂಪನಿಯವರು ಆ ಹೆಸರಿನ ಸಾಬೂನನ್ನು ಪೇಟೆಗೆ ತಂದರು. ಅಂಗಡಿಗೆ ಹೋಗಿ ಹೆಸರು ಹಿಡಿದು ಕೇಳುತ್ತಿದ್ದ ನಮ್ಮವರಲ್ಲಿ ಆ ಹೆಸರಿನ ಅರ್ಥವನ್ನು ವಿಚಾರಿಸಿದವರು ಕಡಿಮೆ. ಸೊಲ್ಲಾಪುರದ ಅಡತಿ ಪೇಟೆಯಲ್ಲಿ ಚೀಲ ಹೊರುವ ಹಮಾಲನಿಗೂ ಇದಕ್ಕೂ ನಂಟಿರಬಹುದೆಂದು ಮಕ್ಕಳು ಊಹಿಸುವುದುಂಟು. ಎರಡೂ ಅರಬ್ಬೀ ಮೂಲದ ಮಾತುಗಳೇ; ಆದರೆ ಹಮಾಲನ ಮಾತು ಹೊರುವುದೆಂಬ ಧಾತುವಿನಿಂದ ಹುಟ್ಟಿದುದು, ಹಮಾಮಿನ ಮಾತು ಕಾಯುವುದು, ಬಿಸಿಯಾಗುವುದು ಎಂಬ ಧಾತುವಿನಿಂದ ಹುಟ್ಟಿದುದು. ಹಮಾಮು ಎಂದರೆ ಬಿಸಿಯ ಮನೆ. ಇಂಗ್ಲಿಷರು ಇದನ್ನೇ ಟರ್ಕಿಶ್ ಬಾತ್ ಎಂದು ಕರೆದರು. ಶಾಲೆಯ ಪುಸ್ತಕಗಳಲ್ಲಿ ಅದು ಟರ್ಕಿ ಸ್ನಾನವಾಯಿತು. ಹೀಗೆ ಇಂಗ್ಲಿಷಿನ ಮೂಲಕ ನಾವು ಕಲಿತ ಈ ಸಂಗತಿ ಅದಕ್ಕೂ ನಾಲ್ಕು ಶತಮಾನಗಳ ಮೊದಲೇ, ತನ್ನದೇ ಹೆಸರಿನೊಡನೆ, ನಮ್ಮ ಹೊಳೆಯ ಕೆಳದಂಡೆಗೆ ಬಂದಿತ್ತು. ಅದನ್ನು ಹೇಳುವುದೇ ನನ್ನ ಉದ್ದೇಶ.

ನಮ್ಮ ಹೊಳೆ ಎಂದು ನಾನು ಹೇಳುತ್ತಿರುವುದು ಬೋರಿಯನ್ನು. ನಳದುರ್ಗದ ಕೋಟೆಯನ್ನು ಮುಟ್ಟಿಕೊಂಡು ಬರುವ ಬೋರಿ ಈ ಕುರನೂರಿನ ಧರಣದಲ್ಲಿ ನಿಲ್ಲುತ್ತದೆ; ಬಳಿಕ ಅಕ್ಕಲಕೋಟೆಯ ನೆಲದಲ್ಲಿ ಹರಿದು ಭೀಮೆಯನ್ನು ಕೂಡುತ್ತದೆ. ಭೀಮೆ ಗಾಣಗಾಪುರದಲ್ಲಿ ಅಮರಜೆಯನ್ನು ಕೂಡಿಕೊಂಡು, ಮುಂದೆ ಫಿರೋಜಾಬಾದ್ ಎಂಬ ಹಾಳು ಪಟ್ಟಣದ ಗೋಡೆಯನ್ನು ಬಳಸಿ ಹರಿಯುತ್ತದೆ. ಆ ಪಟ್ಟಣದೊಳಗೆ ಹಮಾಮುಗಳಿವೆ. ನಡುವೆ ರಾಜ್ಯದ ಗಡಿಯೊಂದಿದೆ ಎಂಬುದು ನಿಜ. ನೀರು ಅದನ್ನು ಗಮನಿಸಿದಂತೆ ಕಾಣುವುದಿಲ್ಲ. ಆದರೆ ಪಠ್ಯಪುಸ್ತಕ ಗಮನಿಸುತ್ತದೆ. ಅದು ಗಡಿಯ ಈಚೆಗೆ ಈಚಿನ ಕೋಟೆಗಳನ್ನು, ಆಚೆಗೆ ಆಚಿನ ಕೋಟೆಗಳನ್ನು ಕಲಿಸುತ್ತದೆ. ನಡುವೆ ಕುಳಿತ ನಮ್ಮಂಥ ಶಾಲೆಯ ಮಕ್ಕಳು ತಮ್ಮ ಹೊಳೆಯ ಕೆಳಗೇನಿದೆ ಎಂಬುದನ್ನು ಎರಡೂ ಪುಸ್ತಕಗಳಲ್ಲಿ ಕಾಣದೆ ಹೋಗುತ್ತಾರೆ.

ಮೊದಲು ಹಮಾಮು ಹೇಗಿರುತ್ತದೆ ಎಂಬುದನ್ನು ತಿಳಿಯೋಣ. ನಮ್ಮ ಮನೆಗಳಲ್ಲಿ ತಾಮ್ರದ ಬಂಬವಿರುತ್ತಿತ್ತಷ್ಟೆ. ನಡುವೆ ಬೆಂಕಿಯ ಕೊಳವೆ, ಸುತ್ತಲೂ ನೀರು. ಬಂಬದಲ್ಲಿ ಬೆಂಕಿ ನೀರನ್ನು ಮಾತ್ರ ಕಾಯಿಸುತ್ತದೆ. ಹಮಾಮಿನಲ್ಲಿ ಅದು ನೀರನ್ನೂ ಕಾಯಿಸುತ್ತದೆ, ಮನೆಯನ್ನೂ ಕಾಯಿಸುತ್ತದೆ. ಕಟ್ಟಡದ ಹೊರಮಗ್ಗುಲಿಗೆ ಒಲೆ. ತುರ್ಕರು ಅದನ್ನು ಕುಲ್ಹಾನ್ ಎನ್ನುತ್ತಾರೆ. ಅದರ ಮೇಲೆ ತಾಮ್ರದ ದೊಡ್ಡ ಹಂಡೆ. ಒಲೆಯ ಹೊಗೆ ಮತ್ತು ಬಿಸಿಗಾಳಿ ನೇರವಾಗಿ ಮೇಲಕ್ಕೆ ಹೋಗದೆ, ಕಿರುಗಂಬಗಳ ಮೇಲೆ ನಿಂತ ಕಲ್ಲುಹಾಸಿನ ಅಡಿಯಲ್ಲಿ ಹರಿದು, ಗೋಡೆಯೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳ ಮೂಲಕ ಮೇಲೇರಿ ಹೊರಬೀಳುತ್ತದೆ. ಹೀಗಾಗಿ ಕಾಲ ಕೆಳಗಿನ ನೆಲ ಬಿಸಿ, ಬೆನ್ನಾನುವ ಗೋಡೆ ಬಿಸಿ. ಬೆಂಕಿ ಮಾತ್ರ ಕಣ್ಣಿಗೆ ಕಾಣಿಸದು, ಹೊಗೆ ಮೂಗಿಗೆ ತಾಗದು.

ಒಳಗೆ ಮೂರು ಕೋಣೆಗಳು ಒಂದರ ಹಿಂದೆ ಒಂದಾಗಿ ಇರುತ್ತವೆ. ಬಟ್ಟೆ ಕಳಚಿ ವಿಶ್ರಮಿಸುವ ತಂಪಿನ ಕೋಣೆ, ಮೈಯನ್ನು ಹದಗೊಳಿಸುವ ಬೆಚ್ಚನೆಯ ಕೋಣೆ, ಕಡೆಗೆ ಬೆವರಿಳಿಸುವ ಬಿಸಿಯ ಕೋಣೆ. ಈ ಕಡೆಯ ಕೋಣೆಯ ನಡುವೆ ಅಮೃತಶಿಲೆಯ ಅಗಲವಾದ ಕಟ್ಟೆ; ಅದಕ್ಕೆ ತುರ್ಕಿ ಭಾಷೆಯಲ್ಲಿ ಹೊಕ್ಕುಳ ಕಲ್ಲು ಎಂಬ ಅರ್ಥದ ಹೆಸರಿದೆ. ಅದರ ಮೇಲೆ ಮಲಗಿ ಮೈ ಬೆವರಿದ ಮೇಲೆ ಪರಿಚಾರಕನು ಒರಟಾದ ಕೈಚೀಲದಿಂದ ಉಜ್ಜಿ ಕೊಳೆ ತೆಗೆಯುತ್ತಾನೆ. ಚಾವಣಿ ಗುಮ್ಮಟಾಕಾರ. ಅದರಲ್ಲಿ ಚಿಕ್ಕ ಚಿಕ್ಕ ದುಂಡು ಬೆಳಕಿಂಡಿಗಳು, ಅವುಗಳಿಗೆ ಗಾಜಿನ ಮುಚ್ಚಳ. ಗೋಡೆಗೆ ಕಿಟಕಿಯೇ ಇಲ್ಲ. ಕಿಟಕಿ ಇಟ್ಟರೆ ಬಿಸಿ ಸೋರಿಹೋಗುತ್ತದೆ. ಗುಮ್ಮಟಕ್ಕೂ ಅಂದವಲ್ಲದೆ ಮತ್ತೊಂದು ಕಾರಣವಿದೆ: ಸಮತಟ್ಟಾದ ಚಾವಣಿಯಲ್ಲಿ ಹಬೆ ನೀರಾಗಿ ಮಲಗಿದವನ ಮೈಮೇಲೆ ತಟತಟನೆ ತೊಟ್ಟಿಕ್ಕುತ್ತದೆ, ಬಾಗಿದ ಗುಮ್ಮಟದಲ್ಲಿ ಅದು ಗೋಡೆಗುಂಟ ಜಾರಿ ಇಳಿದುಹೋಗುತ್ತದೆ.

ಗೋಡೆಯ ಬದಿಗೆ ಕಲ್ಲಿನ ಚಿಕ್ಕ ಮರಿಗೆಗಳು. ಅವುಗಳ ಹೆಸರು ಕುರ್ನಾ. ಕುರನೂರಿನವರು ಹುಬ್ಬೇರಿಸಬೇಕಾಗಿಲ್ಲ, ಇದು ಬರಿಯ ಧ್ವನಿಸಾಮ್ಯ! ಈ ಮರಿಗೆಗೆ ಕೊಳವೆಯಿಂದ ನೀರು ಬೀಳುತ್ತದೆ. ಬಟ್ಟಲಿನಿಂದ ತೋಡಿ ಮೈಮೇಲೆ ಸುರಿದುಕೊಳ್ಳುತ್ತಾರೆ. ಬಿದ್ದ ನೀರು ನೆಲದ ಗಾಲುವೆಯಲ್ಲಿ ಹೊರಗೆ ಹೋಗುತ್ತದೆ. ಮರಿಗೆಯೊಳಗೆ ಯಾರೂ ಇಳಿಯುವುದಿಲ್ಲ. ಇದು ಸಣ್ಣ ಸಂಗತಿಯಲ್ಲ. ಈ ಕಟ್ಟಡದ ಕಲೆಯನ್ನು ತುರ್ಕರೂ ಅರಬರೂ ಪಡೆದದ್ದು ರೋಮನರಿಂದ. ರೋಮನರ ಸ್ನಾನಗೃಹಗಳಲ್ಲಿಯೂ ನೆಲದಡಿಯ ಬೆಂಕಿ, ತಂಪು–ಬೆಚ್ಚಗೆ–ಬಿಸಿ ಎಂಬ ಮೂರು ಕೋಣೆಗಳು ಇದ್ದವು. ಆದರೆ ರೋಮನರು ಕೊಳದಲ್ಲಿ ಇಳಿದು ಕುಳಿತುಕೊಳ್ಳುತ್ತಿದ್ದರು. ಇಸ್ಲಾಮೀ ನಾಡುಗಳಲ್ಲಿ ನಿಂತ ನೀರಿಗಿಂತ ಹರಿಯುವ ನೀರೇ ಶುದ್ಧವೆಂಬ ಭಾವನೆಯಿಂದ ಆ ಕೊಳಗಳು ಕ್ರಮೇಣ ಹಿಂದೆ ಸರಿದವು, ಮರಿಗೆ ಮತ್ತು ಬಟ್ಟಲು ಬಂದವು. ನಮ್ಮ ಹೆಣ್ಣುಮಕ್ಕಳು ತಲೆಸ್ನಾನಕ್ಕೆ ಎರಕೊಳ್ಳುವುದು ಎನ್ನುತ್ತಾರೆ. ಬಾಣಂತಿಗೆ ನೀರು ಹಾಕುತ್ತೇವೆ, ಕೂಸಿಗೆ ಎರೆಯುತ್ತೇವೆ. ನಮ್ಮ ಭಾಷೆಯಲ್ಲಿ ಮನೆಯ ಸ್ನಾನವೆಂದರೆ ಮೇಲಿನಿಂದ ಸುರಿಯುವುದೇ. ಹಂಡೆಯಿಂದ ಚರಿಗೆಯಲ್ಲಿ ತೋಡಿಕೊಂಡು ಜಳಕ ಮಾಡುವ ಕುರನೂರಿನ ರೈತನಿಗೆ ಇಸ್ತಂಬೂಲಿನ ಹಮಾಮಿನಲ್ಲಿ ಹೊಸತಾಗಿ ಕಲಿಯಬೇಕಾದದ್ದು ಬೆವರುವುದೊಂದೇ. ಅದನ್ನೂ ಅವನು ಹೊಲದಲ್ಲಿ ಕಲಿತಿರುತ್ತಾನೆ.

ಅರಬ್ಬೀ ಪ್ರಪಂಚದ ಹಳೆಯ ಹಮಾಮುಗಳಲ್ಲೊಂದು ಇಂದಿನ ಜೋರ್ಡಾನಿನ ಮರುಭೂಮಿಯಲ್ಲಿದೆ. ಕುಸೈರ್ ಆಮ್ರಾ ಎಂಬ ಆ ಕಟ್ಟಡ 8ನೆಯ ಶತಮಾನದ್ದು. ಗೋಡೆ ಚಾವಣಿಗಳ ತುಂಬ ಚಿತ್ರಗಳಿರುವ ಅದನ್ನು ಯುನೆಸ್ಕೊ 1985ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಹಮಾಮು ಊರಿನ ಸಂಸ್ಥೆಯಾಗಿ ಪೂರ್ಣವಾಗಿ ಬೆಳೆದದ್ದನ್ನು ಕಾಣಬೇಕಾದರೆ ಆಟೋಮನ್ ತುರ್ಕರ ರಾಜಧಾನಿಗೆ ಹೋಗಬೇಕು. ಅಲ್ಲಿ ಸುಲೇಮಾನ ಸುಲ್ತಾನನ ರಾಣಿ ಹುರ್ರೆಮ್ ಹೆಸರಿನ ಹಮಾಮನ್ನು ವಾಸ್ತುಶಿಲ್ಪಿ ಸಿನಾನ್ 1556ರಲ್ಲಿ ಕಟ್ಟಿದನು. 1584ರಲ್ಲಿ ಕಟ್ಟಿಸಿದ ಚೆಂಬರ್ಲಿತಾಶ್ ಹಮಾಮು ರಾಜಮಾತೆ ನೂರ್‌ಬಾನುವಿನದು. ಇವು ರಾಣಿಯರು ತಾವು ಮೀಯಲು ಕಟ್ಟಿಸಿಕೊಂಡವಲ್ಲ. ಊರವರು ಕಾಸು ಕೊಟ್ಟು ಸ್ನಾನ ಮಾಡಬೇಕು, ಆ ಉತ್ಪನ್ನದಿಂದ ಮಸೀದಿ, ಪಾಠಶಾಲೆ, ಅನ್ನಛತ್ರಗಳು ನಡೆಯಬೇಕು. ಇದು ವಕ್ಫ್‌ದ ಏರ್ಪಾಡು. ನೂರ್‌ಬಾನುವಿನ ಹಮಾಮಿನ ಆದಾಯ ಉಸ್ಕುದಾರಿನಲ್ಲಿ ಆಕೆ ಕಟ್ಟಿಸಿದ ಧರ್ಮಸಂಸ್ಥೆಗೆ ಹೋಗುತ್ತಿತ್ತು. ದೇವಸ್ಥಾನದ ಇನಾಮು ಜಮೀನು ನಮ್ಮಲ್ಲಿ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಬಿಸಿನೀರು ಮಾಡುತ್ತಿತ್ತು. ಶಾಲೆಗೆ ವಂತಿಗೆ ಕೂಡಿಸಲು ಮನೆಮನೆ ತಿರುಗಿದ ಹಿರಿಯರು ಈ ಸಭೆಯಲ್ಲಿದ್ದಾರೆ. ಈ ಉಪಾಯ ಅವರಿಗೆ ರುಚಿಸೀತು!

ಹೆಣ್ಣುಮಕ್ಕಳಿಗೆ ಪ್ರತ್ಯೇಕ ಭಾಗ, ಇಲ್ಲವೆ ಪ್ರತ್ಯೇಕ ವೇಳೆ. ಮನೆಯ ಹೊರಗೆ ಹೆಂಗಸರು ಹತ್ತು ಜನ ಕೂಡಿ ಕುಳಿತು ಮಾತನಾಡಲು ಇದ್ದ ಸ್ಥಳ ಅದೊಂದೇ ಎಂದರೂ ಸಲ್ಲುತ್ತದೆ. 1717ರಲ್ಲಿ ಇಂಗ್ಲಿಷ್ ರಾಯಭಾರಿಯ ಹೆಂಡತಿ ಮೇರಿ ಮಾಂಟೆಗ್ಯು ಸೋಫಿಯಾ ಪಟ್ಟಣದ ಹೆಂಗಸರ ಹಮಾಮಿಗೆ ಹೋಗಿ ಬಂದು ಬರೆದ ಪತ್ರ ಪ್ರಸಿದ್ಧವಾಗಿದೆ. ಗಂಡಸರಿಗೆ ಕಾಫಿಯ ಅಂಗಡಿ ಹೇಗೋ ಹೆಂಗಸರಿಗೆ ಹಮಾಮು ಹಾಗೆ ಎಂದು ಆಕೆ ಗುರುತಿಸಿದಳು. ಸಿಡುಬು ಹಾಕುವ ಪದ್ಧತಿಯನ್ನು ಆ ನಾಡಿನಲ್ಲಿ ಕಂಡು ಇಂಗ್ಲೆಂಡಿಗೆ ಒಯ್ದವಳೂ ಈಕೆಯೇ. ಮದುವೆಗೆ ಮುಂಚೆ ಮದುಮಗಳನ್ನು ಗೆಳತಿಯರು ಹಮಾಮಿಗೆ ಕರೆದೊಯ್ದು ಹಾಡುತ್ತ ಮೀಯಿಸುವುದು, ಹುಟ್ಟಿದ ಕೂಸಿಗೆ ನಲವತ್ತನೆಯ ದಿನ ಅಲ್ಲಿ ಎರೆಯುವುದು ಅಲ್ಲಿನ ಸಂಪ್ರದಾಯ. ಸುರಗಿ ಸುತ್ತಿ, ನಾಲ್ಕು ಮೂಲೆಗೆ ತಂಬಿಗೆಯಿಟ್ಟು, ಅರಿಷಿಣ ಹಚ್ಚಿ, ಹಾಡು ಹೇಳಿ ನೀರೆರೆಯುವ ನಮ್ಮ ತಾಯಂದಿರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗಂಡುಮಕ್ಕಳ ತಾಯಂದಿರು ಸೊಸೆಯನ್ನು ನೋಡಿಕೊಳ್ಳುತ್ತಿದ್ದುದೂ ಅಲ್ಲಿಯೇ ಎಂದು ಹೇಳುತ್ತಾರೆ.

ಆದರೆ ಹಮಾಮಿಗೆ ಒಂದು ಹಸಿವಿತ್ತು. ಅದು ಕಟ್ಟಿಗೆಯ ಹಸಿವು. ಹೊರಗಿನ ಒಲೆಯನ್ನು ಆರಿಸುವಂತಿಲ್ಲ. ಆರಿಸಿದರೆ ಕಲ್ಲಿನ ಕಟ್ಟಡ ತಣ್ಣಗಾಗಿ ಮತ್ತೆ ಕಾಯಲು ಬಹಳ ಹೊತ್ತು ಬೇಕು. ಇಸ್ತಂಬೂಲಿನಂಥ ಕಡಲ ತಡಿಯ, ಕಾಡಿನ ಹತ್ತಿರದ ರಾಜಧಾನಿಯಲ್ಲಿಯೂ ನೀರು ಕಟ್ಟಿಗೆಗಳ ಕೊರತೆ ಎಷ್ಟಾಯಿತೆಂದರೆ, ಇನ್ನು ಹೊಸ ದೊಡ್ಡ ಹಮಾಮುಗಳನ್ನು ಕಟ್ಟಬಾರದೆಂದು 1768ರಲ್ಲಿ ಸುಲ್ತಾನನ ಅಪ್ಪಣೆ ಹೊರಟಿತು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಈಗ ನಮ್ಮ ನೆಲಕ್ಕೆ ಬರೋಣ.

ನಮ್ಮ ಸೀಮೆಗೆ ಸ್ನಾನದ ಸೊಗಸು ಹೊರಗಿನಿಂದ ಬಂತೆಂದು ಯಾರೂ ಭಾವಿಸಬಾರದು. ಇಲ್ಲಿಂದ ದೂರವಲ್ಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸನ ಭೋಗಗಳ ನಡುವೆ ಸ್ನಾನಭೋಗಕ್ಕೆ ಪ್ರತ್ಯೇಕ ಸ್ಥಾನವಿದೆ. ಎಣ್ಣೆಯೊತ್ತುವುದು, ಲೇಪನ, ಸುಗಂಧದ ನೀರು ಎಲ್ಲವೂ ಅಲ್ಲಿ ಬರುತ್ತವೆ. ಅಲ್ಲಿಲ್ಲದ್ದು ನೆಲದಡಿಯ ಬೆಂಕಿ. ಅದು ಬಂದದ್ದು ಬಹಮನಿ ಸುಲ್ತಾನರ ಕಾಲಕ್ಕೆ.

1347ರಲ್ಲಿ ಕಲಬುರಗಿಯಲ್ಲಿ ನೆಲೆಗೊಂಡ ಬಹಮನಿಗಳಲ್ಲಿ ಫಿರೋಜಶಹನು 1397ರಿಂದ 1422ರವರೆಗೆ ಆಳಿದನು. ಹಲವು ಭಾಷೆಗಳನ್ನು ಬಲ್ಲವನು, ಖಗೋಳಶಾಸ್ತ್ರದಲ್ಲಿ ಆಸಕ್ತನು. ಆತನು ಗೋವೆ ಮತ್ತು ಚೌಲ್ ಬಂದರುಗಳಿಂದ ಹಡಗುಗಳನ್ನು ಕಳಿಸಿ ಪರದೇಶಗಳ ಉತ್ತಮ ವಸ್ತುಗಳನ್ನೂ ವಿದ್ವಾಂಸರನ್ನೂ ತರಿಸಿಕೊಳ್ಳುತ್ತಿದ್ದನೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. 1400ರ ಸುಮಾರಿಗೆ ಈತನು ಕಲಬುರಗಿಯಿಂದ ದಕ್ಷಿಣಕ್ಕೆ ಸುಮಾರು 28 ಕಿಲೋಮೀಟರ್ ದೂರದಲ್ಲಿ, ಭೀಮೆಯ ಎಡದಂಡೆಯ ಮೇಲೆ, ತನ್ನ ಹೆಸರಿನ ಪಟ್ಟಣವನ್ನು ಕಟ್ಟಿಸಿದನು. ಮೂರು ಕಡೆ ಕಲ್ಲಿನ ಕೋಟೆ, ಪಡುವಣಕ್ಕೆ ಹೊಳೆ. ದೊಡ್ಡ ಜಾಮೆ ಮಸೀದಿ, ಅರಮನೆಯ ಆವರಣ, ಅವುಗಳ ಜೊತೆಗೆ ಗುಮ್ಮಟ ಮತ್ತು ಕಮಾನುಚಾವಣಿಗಳ ಹಮಾಮುಗಳು. ದಖನ್ನಿನಲ್ಲಿ ಉಳಿದಿರುವ ಹಮಾಮುಗಳಲ್ಲಿ ಇವು ಅತ್ಯಂತ ಹಳೆಯವುಗಳ ಸಾಲಿಗೆ ಸೇರುತ್ತವೆ. ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ ಎಂಬ ವಿದ್ವಾಂಸರು ಈ ಪಟ್ಟಣದ ಅವಶೇಷಗಳ ಮೇಲೆ 1992ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಇಸ್ತಂಬೂಲಿನ ಹುರ್ರೆಮಳ ಹಮಾಮಿಗಿಂತ ಭೀಮಾತೀರದ ಈ ಹಮಾಮುಗಳು ಒಂದೂವರೆ ಶತಮಾನದಷ್ಟು ಹಿರಿಯವು ಎಂಬುದನ್ನು ಮಕ್ಕಳು ಗುರುತು ಹಾಕಿಕೊಳ್ಳಲಿ. ಆಗ ಇಸ್ತಂಬೂಲು ಇನ್ನೂ ತುರ್ಕರ ಕೈಗೇ ಬಂದಿರಲಿಲ್ಲ. ಅದು ಬಂದದ್ದು 1453ರಲ್ಲಿ. ನಮ್ಮ ಕಡೆಗೆ ಈ ವಿದ್ಯೆ ಬಂದದ್ದು ಹೆಚ್ಚಾಗಿ ಇರಾನಿನ ದಾರಿಯಿಂದ ಎಂಬುದನ್ನು ಇದರಿಂದ ಊಹಿಸಬಹುದು. ತುರ್ಕರು ಸ್ವತಃ ಬರುತ್ತಿರಲಿಲ್ಲವೆಂದಲ್ಲ. ವಿಜಾಪುರದ ಮಲಿಕೆ ಮೈದಾನ ತೋಪನ್ನು 1549ರಲ್ಲಿ ಎರಕ ಹೊಯ್ದ ಮಹಮ್ಮದ ಬಿನ್ ಹುಸೇನನ ಹೆಸರಿನ ಕೊನೆಗೆ ರೂಮಿ ಎಂದಿದೆ. ಎಂದರೆ ತುರ್ಕರ ನಾಡಿನವನು. ಆ ತೋಪು ವಿಜಾಪುರಕ್ಕೆ ಬರುವ ಮುನ್ನ ನಮ್ಮ ನೆರೆಯ ಪರಂಡೆಯ ಕೋಟೆಯಲ್ಲಿತ್ತು.

ಫಿರೋಜಶಹನ ತಮ್ಮ ಅಹಮದಶಹನು ರಾಜಧಾನಿಯನ್ನು ಬೀದರಿಗೆ ಸಾಗಿಸಿದನು. ಫಿರೋಜಾಬಾದು ಒಂದು ತಲೆಮಾರು ತುಂಬುವುದರೊಳಗೆ ತನ್ನ ವೈಭವವನ್ನು ಕಳೆದುಕೊಂಡಿತು. ಅರಸನಿದ್ದಾಗ ಹಮಾಮಿನ ಒಲೆ ಉರಿಯಿತು, ಅರಸನು ಹೋದೊಡನೆ ಆರಿತು. ಬೀದರಿನ ಕೋಟೆಯಲ್ಲಿ ಸೋಳಾಖಂಬ ಮಸೀದಿ, ಲಾಲಬಾಗ್ ತೋಟಗಳ ಮಗ್ಗುಲಲ್ಲಿ ಶಾಹಿ ಹಮಾಮು ಎದ್ದಿತು. ಅದು ಇಂದಿಗೂ ಗಟ್ಟಿಯಾಗಿ ನಿಂತಿದೆ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಇರುವುದು ಅದರೊಳಗೆಯೇ. ಹೈದರಾಬಾದು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರಿನ ಬೃಹದ್ಗ್ರಂಥ ಈ ಕೋಟೆಯ ಕಟ್ಟಡಗಳನ್ನು ತಿಳಿಯಲು ಇಂದಿಗೂ ಆಧಾರ.

ಇಲ್ಲಿ ಹಂಪೆಯ ರಾಣಿಯರ ಸ್ನಾನಗೃಹವನ್ನು ಯಾರಾದರೂ ನೆನೆಯಬಹುದು. ಕಮಾನು ಗುಮ್ಮಟಗಳ ಮೊಗಸಾಲೆಯನ್ನು ನೋಡಿ ಅದೂ ಹಮಾಮೆಂದು ಪ್ರವಾಸಿಗರಿಗೆ ಹೇಳುವವರಿದ್ದಾರೆ. ಅದು ನಡುವೆ ಬಯಲಿಗೆ ತೆರೆದ ಕೊಳ; ಒಲೆಯೂ ಇಲ್ಲ, ಬಿಸಿಯ ಕೋಣೆಯೂ ಇಲ್ಲ. ಬಿಸಿಲುನಾಡಿನ ಜಾಣತನ ಅಂಥದು. ಹಾಗೆ ನೋಡಿದರೆ ನಮ್ಮ ಬೋರಿಯ ಮೇಲೆ ಕಟ್ಟಿದ ಅತ್ಯಂತ ಚತುರವಾದ ಕಟ್ಟಡವೂ ತಂಪಿನದೇ. ಎರಡನೆಯ ಇಬ್ರಾಹಿಮ ಆದಿಲಶಹನ ಕಾಲದಲ್ಲಿ ನಳದುರ್ಗದ ಕೋಟೆಯಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟೆ ಕಟ್ಟಿ, ಆ ಕಟ್ಟೆಯ ಹೊಟ್ಟೆಯಲ್ಲಿಯೇ ಪಾಣಿಮಹಲನ್ನು ಅಡಗಿಸಿದರು. ಮಳೆಗಾಲದಲ್ಲಿ ನೀರು ಮೇಲಿನಿಂದ ಧುಮುಕುತ್ತಿರುವಾಗ ಒಳಗೆ ಕುಳಿತವರಿಗೆ ಹನಿಯೂ ತಾಗುವುದಿಲ್ಲ. ಇತ್ತ ವಿಜಾಪುರದ ಹತ್ತಿರದ ಕುಮಟಗಿಯಲ್ಲಿ ಕೆರೆಯ ನೀರನ್ನು ಎತ್ತರಕ್ಕೇರಿಸಿ, ಕೊಳವೆಗಳಿಂದ ಹರಿಸಿ, ಮಂಟಪದ ಚಾವಣಿಯಿಂದ ತುಂತುರು ಮಳೆಯಾಗಿ ಸುರಿಯುವಂತೆ ಮಾಡಿದ್ದರು. ಆದಿಲಶಾಹಿ ರಸಿಕರು ಮೆಚ್ಚಿದ್ದು ಬಿಸಿ ಕೋಣೆಗಿಂತ ತಣ್ಣೀರಿನ ಈ ವಿನೋದಗಳನ್ನು ಎಂದು ನಾನು ತಿಳಿಯುತ್ತೇನೆ.

ಹಮಾಮು ನಮ್ಮಲ್ಲಿ ಊರಿಗಿಳಿಯಲಿಲ್ಲವೇಕೆ? ಕಾಶ್ಮೀರದಲ್ಲಿ ಇಂದಿಗೂ ಮಸೀದಿಗಳಲ್ಲಿ ನೆಲದಡಿ ಬೆಂಕಿಯ ಹಮಾಮು ಚಳಿಗಾಲವಿಡೀ ಉರಿಯುತ್ತದೆ. ಭೋಪಾಳದಲ್ಲಿ ಹಳೆಯ ಹಮಾಮೊಂದು ದೀಪಾವಳಿಯಿಂದ ಹೋಳಿಯವರೆಗೆ ಊರವರಿಗೆ ತೆರೆದಿರುತ್ತಿತ್ತು. ನಮ್ಮ ಸೀಮೆಯಲ್ಲಿ ಉಳಿದಿರುವವು ರಾಜಧಾನಿ ಮತ್ತು ಕೋಟೆಗಳೊಳಗಿನ ಅವಶೇಷಗಳು ಮಾತ್ರ. ಬಿಸಿಲು ಒಂದು ಕಾರಣವೆಂದು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕಟ್ಟಿಗೆ. ಸೊಲ್ಲಾಪುರದಿಂದ ಕಲಬುರಗಿಯವರೆಗಿನ ಎರೆಯ ಬಯಲನ್ನು ನೋಡಿರಿ. ಬೇವು, ಜಾಲಿ, ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಹುಣಸೆ. ನಮ್ಮ ಒಲೆ ಉರಿದದ್ದು ಕುಳ್ಳು, ತೊಗರಿಕಟ್ಟಿಗೆ, ಹತ್ತಿಕಟ್ಟಿಗೆಗಳಿಂದ. ರೊಟ್ಟಿಗೆ ಸಾಕಾದರೆ ಜಳಕಕ್ಕೆ ಸಾಲದು. ಅದಕ್ಕಾಗಿಯೇ ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆ ತಿಕ್ಕಿ, ಪೂಜಿಸಿ, ನೀರು ತುಂಬಿ, ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿ ಬಿಸಿನೀರು ಎರೆದುಕೊಳ್ಳುವುದು ನಮಗೆ ಹಬ್ಬ. ತುರ್ಕರಿಗೆ ವಾರದ ರೂಢಿಯಾದದ್ದು ನಮಗೆ ವರುಷದ ಸಂಭ್ರಮ. ಗೋದಾವರಿಯೋ ತುಂಗೆಯೋ ಕಾಡಿನ ಮಗ್ಗುಲಲ್ಲಿ ಹರಿಯುವಂತೆ ಬೋರಿ ಹರಿಯುವುದಿಲ್ಲ.

ಎರಡನೆಯ ಕಾರಣವನ್ನು ಹೇಳಲು ಸಂಕೋಚವಿದೆ. ಆದರೆ ಶಾಲೆಯ ವೇದಿಕೆಯಲ್ಲಿ ಹೇಳದಿದ್ದರೆ ಮತ್ತೆಲ್ಲಿ ಹೇಳುವುದು? ಹಮಾಮಿನಲ್ಲಿ ಎಲ್ಲರೂ ಬತ್ತಲೆ ಎಂಬ ನಾಣ್ನುಡಿ ಹಿಂದುಸ್ತಾನಿಯಲ್ಲಿದೆ. ಈಗ ಅದನ್ನು ರಾಜಕಾರಣಿಗಳಿಗೆ ಅನ್ವಯಿಸುತ್ತಾರೆ. ವಾಸ್ತವವಾಗಿ ಹಮಾಮಿನಲ್ಲಿ ಸೊಂಟಕ್ಕೆ ಪೆಷ್ಟೆಮಾಲ್ ಎಂಬ ವಸ್ತ್ರವಿದ್ದೇ ಇರುತ್ತದೆ. ಆದರೂ ಮಾತಿನ ಹುರುಳು ನಿಜ. ಅಲ್ಲಿ ವರ್ತಕ, ಸಿಪಾಯಿ, ಕಮ್ಮಾರ ಒಂದೇ ಕಲ್ಲಿನ ಮೇಲೆ ಮಲಗುತ್ತಾರೆ, ಪರಿಚಾರಕನ ಒಂದೇ ಕೈ ಎಲ್ಲರ ಮೈಯನ್ನೂ ಉಜ್ಜುತ್ತದೆ, ಒಂದೇ ಕೊಳವೆಯ ನೀರು ಎಲ್ಲರಿಗೂ. ಯಾರ ನೆರಳು ಯಾರಿಗೆ ತಾಗಬಾರದೆಂದು ಲೆಕ್ಕ ಹಾಕುವ ಊರಿನಲ್ಲಿ ಇಂಥ ಕೋಣೆ ಹೇಗೆ ನಡೆದೀತು? ಬಿಸಿನೀರಿನ ಮಾತಂತಿರಲಿ, ಕೆರೆಯ ತಣ್ಣೀರನ್ನು ಬೊಗಸೆಯಲ್ಲಿ ಎತ್ತಿ ಕುಡಿಯುವುದಕ್ಕೆ 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಡಾ. ಅಂಬೇಡ್ಕರರು ಸತ್ಯಾಗ್ರಹ ಮಾಡಬೇಕಾಯಿತು. ಅದು ಈ ಶಾಲೆಯ ಹಿರಿಯರ ಜೀವಮಾನದ ಘಟನೆ, ಬಹಮನಿಗಳ ಕಾಲದ್ದಲ್ಲ. ಅದಕ್ಕೂ ಏಳು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಸೊನ್ನಲಿಗೆಯಲ್ಲಿ ಸಿದ್ಧರಾಮನು ಕೆರೆಯನ್ನು ಕಟ್ಟಿಸಿದ್ದನೆಂಬುದನ್ನು ನೆನೆದರೆ, ನೀರು ತುಂಬಿಸುವುದಕ್ಕಿಂತ ಅದನ್ನು ಎಲ್ಲರದಾಗಿಸುವುದು ಎಷ್ಟು ಕಷ್ಟವೆಂಬುದು ತಿಳಿಯುತ್ತದೆ.

ಹಾಗಾದರೆ ಹಮಾಮು ನಮ್ಮನ್ನು ಮುಟ್ಟಲೇ ಇಲ್ಲವೆ? ಮುಟ್ಟಿತು, ಅರಸರ ಮೂಲಕವಲ್ಲ, ಮಗ್ಗದ ಮೂಲಕ. ಇದು ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ರುಚಿಸಿದ ಭಾಗ.

19ನೆಯ ಶತಮಾನದ ನಡುವೆ ಇಂಗ್ಲಿಷರಿಗೆ ಹಮಾಮಿನ ಹುಚ್ಚು ಹಿಡಿಯಿತು. ಅದಕ್ಕೆ ಮುಂಚೆಯೇ ನಮ್ಮ ಪಾಟ್ನಾ ಕಡೆಯ ಶೇಖ್ ದೀನ್ ಮಹಮ್ಮದನು ಬ್ರೈಟನ್ ಪಟ್ಟಣದಲ್ಲಿ ಹಬೆಸ್ನಾನದ ಮನೆ ತೆರೆದು, ಎಣ್ಣೆ ತಿಕ್ಕಿ ಮೈಯೊತ್ತುವ ಚಂಪಿಯನ್ನು ಅವರಿಗೆ ಪರಿಚಯಿಸಿದ್ದನು. ಶಾಂಪೂ ಎಂಬ ಮಾತು ಅಲ್ಲಿಂದ ಬೆಳೆದುದು. 1850ರಲ್ಲಿ ಡೇವಿಡ್ ಅರ್ಕ್ವಾರ್ಟ್ ಎಂಬಾತನು ತನ್ನ ಪ್ರವಾಸಗ್ರಂಥದಲ್ಲಿ ಹಮಾಮನ್ನು ಹೊಗಳಿ ಬರೆದನು; 1856ರಲ್ಲಿ ಐರ್ಲೆಂಡಿನ ವೈದ್ಯ ರಿಚರ್ಡ್ ಬಾರ್ಟರನು ಅದನ್ನು ಕಟ್ಟಿಸಿದನು. ಇದೇ ದಿನಮಾನಗಳಲ್ಲಿ ಹೆನ್ರಿ ಕ್ರಿಸ್ಟಿ ಎಂಬ ಇಂಗ್ಲಿಷ್ ಬಟ್ಟೆ ವ್ಯಾಪಾರಿ ತುರ್ಕರ ನಾಡಿನಲ್ಲಿ ಸಂಚರಿಸುತ್ತ, ಹಮಾಮಿನಲ್ಲಿ ಮೈ ಒರೆಸಲು ಬಳಸುವ ವಿಶೇಷ ನೇಯ್ಗೆಯ ವಸ್ತ್ರವನ್ನು ಕಂಡನು. ಮೇಲ್ಮೈ ತುಂಬ ನೂಲಿನ ಸಣ್ಣ ಸಣ್ಣ ಕುಣಿಕೆಗಳು. ಅದರ ಮಾದರಿಯನ್ನು ಊರಿಗೆ ಒಯ್ದು, ಯಂತ್ರದಿಂದ ನೇಯಿಸಿ, 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇಟ್ಟರು. ಅದೇ ಟರ್ಕಿ ಟವೆಲ್.

ಸೊಲ್ಲಾಪುರದ ಟವೆಲ್ ಎಂದು ಇಡಿಯ ದೇಶ ಬಲ್ಲ ಬಟ್ಟೆ ಇದೇ. ಅದಕ್ಕೆ ಇಂದು ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಅದರ ನೇಯ್ಗೆ ಹೇಗೆಂಬುದನ್ನು ನಮ್ಮ ಊರುಗಳಿಂದ ಸೊಲ್ಲಾಪುರದ ಕಾರಖಾನೆಗಳಿಗೆ ಹೋಗಿ ದುಡಿದವರು ನನಗಿಂತ ಚೆನ್ನಾಗಿ ಬಲ್ಲರು. ಸಾಮಾನ್ಯ ಬಟ್ಟೆಗೆ ಹಾಸು ಒಂದು; ಇದಕ್ಕೆ ಹಾಸು ಎರಡು. ಒಂದನ್ನು ಬಿ‌ಗಿಯಾಗಿ ಎಳೆದಿರುತ್ತಾರೆ, ಇನ್ನೊಂದನ್ನು ಸಡಿಲವಾಗಿ ಬಿಟ್ಟಿರುತ್ತಾರೆ. ಹೊಕ್ಕಿನ ಎಳೆಗಳನ್ನು ಒಂದೊಂದಾಗಿ ಬಡಿಯದೆ, ಸಾಮಾನ್ಯವಾಗಿ ಮೂರು ಎಳೆ ಕೂಡಿದ ಮೇಲೆ ಒಮ್ಮೆಲೆ ಹಣಿಗೆಯಿಂದ ಮುಂದಕ್ಕೆ ನೂಕುತ್ತಾರೆ. ಆಗ ಬಿಗಿಯ ಎಳೆ ಅಲುಗದೆ ನಿಲ್ಲುತ್ತದೆ, ಸಡಿಲಿನ ಎಳೆ ಉಬ್ಬಿ ಕುಣಿಕೆಯಾಗುತ್ತದೆ. ಆ ಕುಣಿಕೆಗಳೇ ನೀರನ್ನು ಹೀರುವುದು. ಬೆವರಿ ಮಿಂದ ತೊಯ್ದ ಮೈಗಾಗಿ ತುರ್ಕರು ಕಂಡುಕೊಂಡ ಉಪಾಯವಿದು. ಅರಸರು ಹೊತ್ತು ತಂದ ಹಮಾಮು ಭೀಮೆಯ ದಂಡೆಯಲ್ಲಿ ಹಾಳುಬಿದ್ದಿತು. ಅದರ ಮೈವಸ್ತ್ರ ಮಾತ್ರ ಸುತ್ತಿ ಬಳಸಿ ಬಂದು ಸಾವಿರಾರು ಮನೆಗಳ ಒಲೆ ಹಚ್ಚಿತು. ತೆಲುಗು ಮಾತಾಡುವ ಪದ್ಮಶಾಲಿಗಳು, ಕನ್ನಡ ಮರಾಠಿ ಉರ್ದು ಮಾತಾಡುವ ಕಾರ್ಮಿಕರು ಆ ಮಗ್ಗಗಳ ಸುತ್ತ ಸೊಲ್ಲಾಪುರವೆಂಬ ಊರನ್ನು ಬೆಳೆಸಿದರು. ನಮ್ಮಲ್ಲಿ ಅತಿಥಿಗೆ ಟವೆಲ್ ಟೋಪಿ ಕೊಟ್ಟು ಸತ್ಕರಿಸುವ ರೂಢಿಯಿದೆಯಲ್ಲ, ಆ ಟವೆಲಿನ ಅಜ್ಜನ ಮನೆ ಹಮಾಮು.

ಆ ಕಾರಖಾನೆಗಳ ಬಿಸಿಯನ್ನೂ ಮರೆಯಬಾರದು. ಬಣ್ಣದ ಹೌದಿನ ಹಬೆಯಲ್ಲಿ, ಕಿವಿಗಡಚಿಕ್ಕುವ ಮಗ್ಗಗಳ ನಡುವೆ ದಿನವಿಡೀ ನಿಲ್ಲುವವನು ಬೆವರುವುದು ಆರೋಗ್ಯಕ್ಕಾಗಿ ಅಲ್ಲ. ಹಮಾಮಿನಲ್ಲಿಯೂ ಹೀಗೆಯೇ: ಒಳಗೆ ಕಲ್ಲಿನ ಮೇಲೆ ಮಲಗಿದವನು ಬೇರೆ, ಹೊರಗೆ ಒಲೆಗೆ ಕಟ್ಟಿಗೆ ನೂಕುತ್ತ ನಿಂತವನು ಬೇರೆ. ಫಿರೋಜಾಬಾದಿನ ಒಲೆಗೆ ಕಟ್ಟಿಗೆ ಹೊತ್ತವರು, ಭೀಮೆಯಿಂದ ನೀರು ಎತ್ತಿದವರು ಅಂದಿನ ಈ ಸೀಮೆಯ ಜನರೇ ಆಗಿದ್ದಿರಬೇಕು. ಅವರ ಮನೆಮಾತು ಹೆಚ್ಚಾಗಿ ಕನ್ನಡವೇ.

ಗುರುಗಳಲ್ಲಿ ನನ್ನದೊಂದು ಬಿನ್ನಹವಿದೆ. ಶಾಲೆಯ ಸಹಲು ಪ್ರತಿವರ್ಷ ಹೊರಡುತ್ತದೆ. ಒಂದು ವರ್ಷವಾದರೂ ಹೊಳೆಯ ದಾರಿಯನ್ನು ಹಿಡಿಯಲಿ: ನಳದುರ್ಗ, ಕುರನೂರು, ಗಾಣಗಾಪುರ, ಫಿರೋಜಾಬಾದು, ಮರಳುವಾಗ ಕಲಬುರಗಿ, ಅನುಕೂಲವಿದ್ದರೆ ಬೀದರು. ಫಿರೋಜಾಬಾದಿನಲ್ಲಿ ಟಿಕೀಟಿಲ್ಲ, ಮಾರ್ಗದರ್ಶಕರಿಲ್ಲ. ಕೋಟೆಯೊಳಗೆ ಹೊಲಗಳಿವೆ, ಮುಳ್ಳುಕಂಟಿ ಬೆಳೆದಿರುತ್ತದೆ. ಮಳೆಗಾಲ ಮುಗಿದು ಹುಲ್ಲು ಒಣಗಿದ ಮೇಲೆ ಹೋಗುವುದು ಒಳ್ಳೆಯದು. ಮಕ್ಕಳು ಗುಮ್ಮಟದ ಮೇಲೆ ಹತ್ತಬಾರದು. ಆರು ನೂರು ವರ್ಷದ ಗಾರೆ ಎಲ್ಲಿ ಸಡಿಲಿದೆಯೋ ಹೇಳಲಾಗದು. ಒಳಗೆ ಹೊಕ್ಕಾಗ ಕಿಟಕಿಯಿಲ್ಲದ ಗೋಡೆಯನ್ನು ಗಮನಿಸಲಿ, ಚಾವಣಿಯ ಬೆಳಕಿಂಡಿಯನ್ನು ಹುಡುಕಲಿ, ನೀರಿನ ಕೊಳವೆ ಗೋಡೆಯನ್ನು ಎಲ್ಲಿ ಹೊಕ್ಕಿರಬಹುದೆಂದು ತಾವೇ ತರ್ಕಿಸಲಿ. ಒಲೆ ಹೊರಗೆ ಯಾವ ಮಗ್ಗುಲಿಗೆ ಇತ್ತೆಂಬುದನ್ನು ಕಂಡುಹಿಡಿದವರಿಗೆ ಗುರುಗಳು ಏನಾದರೂ ಬಹುಮಾನ ಕೊಡಲಿ. ಬೀದರಿನ ವಸ್ತುಸಂಗ್ರಹಾಲಯದಲ್ಲಿ ಜನರು ಒಳಗಿಟ್ಟ ಕತ್ತಿ, ಶಿಲ್ಪ, ಶಾಸನಗಳನ್ನು ನೋಡುತ್ತ ಸಾಗುತ್ತಾರೆ; ತಾವು ನಿಂತಿರುವುದು ಸುಲ್ತಾನರ ಸ್ನಾನದ ಮನೆಯಲ್ಲಿ ಎಂಬುದು ಅವರ ಗಮನಕ್ಕೆ ಬರುವುದಿಲ್ಲ. ನಮ್ಮ ಮಕ್ಕಳು ಅಲ್ಲಿ ಒಂದು ಕ್ಷಣ ತಲೆಯೆತ್ತಿ ಚಾವಣಿಯನ್ನು ನೋಡಲಿ.